ಹಿಮನದಿ, ತಿಮಿಂಗಿಲ, ಆರಾಮದ ಹಡಗು: ಅಲಾಸ್ಕಾ ಕ್ರೂಸ್ ಆರಿಸುವುದು ಹೇಗೆ?

ಅಲಾಸ್ಕಾ ಕ್ರೂಸ್ ಹುಡುಕೋಕೆ ಕೂತರೆ ಮೊದಲು ಕಣ್ಣಿಗೆ ಬೀಳುವುದು ಹಡಗಿನ ಫೋಟೊಗಳು. ಈಜುಕೊಳ, ಜಾರುಬಂಡಿ, ಸಾಲು ಸಾಲು ರೆಸ್ಟೊರೆಂಟ್, ರಾತ್ರಿಯ ಶೋ. ಎಲ್ಲ ಚೆನ್ನಾಗಿಯೇ ಇರುತ್ತೆ. ಆದರೆ ಇದರಲ್ಲಿ ಒಂದೂ ನಿಮ್ಮನ್ನು ಹಿಮನದಿಯ ಹತ್ತಿರಕ್ಕೆ ಒಯ್ಯುವುದಿಲ್ಲ. ಒಂದೇ ವಾರ, ಹೆಚ್ಚುಕಮ್ಮಿ ಒಂದೇ ದರದ ಎರಡು ಕ್ರೂಸ್ ಇಟ್ಟುಕೊಳ್ಳಿ. ಒಂದರಲ್ಲಿ ಹಿಮನದಿಯ ಕೊಲ್ಲಿಯೊಳಗೆ ಇಡೀ ದಿನ ಸಿಗಬಹುದು. ಇನ್ನೊಂದರಲ್ಲಿ ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಹಡಗು ವಾಪಸ್ ತಿರುಗಿರಬಹುದು.

ಹಾಗಾಗಿ ಆರಿಸುವ ಕ್ರಮವನ್ನೇ ತಿರುಗಿಸಿ ಅಂತ ನನ್ನ ಸಲಹೆ. ಮೊದಲು ದಾರಿ, ಆಮೇಲೆ ಹಿಮನದಿ, ಆಮೇಲೆ ತಿಂಗಳು. ಹಡಗು ಅದಾದ ಮೇಲೆ. ಕ್ಯಾಬಿನ್ ಇನ್ನೂ ಆಮೇಲೆ.

ಅಲಾಸ್ಕಾನೇ ಯಾಕೆ ಅಂತ ಕೇಳಬಹುದು. ಅಂಟಾರ್ಕ್ಟಿಕಾಕ್ಕೆ ಹಡಗಿನಲ್ಲಿ ಹೋಗಬೇಕಾದರೆ ಸಾಮಾನ್ಯವಾಗಿ ದಕ್ಷಿಣ ಅಮೆರಿಕದ ತುದಿಯ ಆಚೆಗಿನ ಡ್ರೇಕ್ ಜಲಸಂಧಿ ದಾಟಬೇಕು. ಹೋಗೋಕೆ ಸುಮಾರು ಎರಡು ದಿನ, ಬರೋಕೆ ಮತ್ತೆ ಎರಡು ದಿನ. ಸಮುದ್ರದ ಮೂಡು ಕೆಟ್ಟಿದ್ದರೆ ಹಾಸಿಗೆ ಬಿಟ್ಟು ಏಳೋಕಾಗಲ್ಲ. ನಾರ್ವೆಯ ಉತ್ತರಕ್ಕಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಹಿಮಕರಡಿ ಇದೆ ನಿಜ, ಆದರೆ ರಬ್ಬರ್ ದೋಣಿಗೆ ಹತ್ತಿ ಇಳಿಯುವ ಕೆಲಸ ಪದೇ ಪದೇ ಇರುತ್ತೆ. ಅಲಾಸ್ಕಾದ ಆಗ್ನೇಯ ಕರಾವಳಿಯಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳು ಗೋಡೆಯ ಹಾಗೆ ನಿಂತು ಸಾಗರದ ಅಲೆಯನ್ನು ತಡೆಯುತ್ತವೆ. ಈ ದ್ವೀಪಗಳ ನಡುವಿನ ಹಾದಿಗೆ ಇನ್‌ಸೈಡ್ ಪ್ಯಾಸೇಜ್ ಎಂದು ಹೆಸರು. ಹಡಗಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೂ ಇಲ್ಲಿ ಹಿಮನದಿ, ತಿಮಿಂಗಿಲ, ಹದ್ದು ಎಲ್ಲ ಕಾಣುತ್ತವೆ. ಆರಾಮವಾಗಿ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಜಾಗ ಸಿಗೋದು ಕಷ್ಟ.

ಹೆಜ್ಜೆ 1: ನಿಮಗೆ ಆರಾಮ ಅಂದರೆ ಏನು, ಬರೆದಿಡಿ

ಇದು ಸುಮ್ನೆ ಹೇಳುವ ಮಾತಲ್ಲ. ಒಬ್ಬರಿಗೆ ಬೆಳಗ್ಗೆ ಬೇಗ ಏಳುವುದೇ ಹಿಂಸೆ. ಇನ್ನೊಬ್ಬರಿಗೆ ಹಡಗು ಸ್ವಲ್ಪ ಓಲಾಡಿದರೂ ವಾಕರಿಕೆ. ಮತ್ತೊಬ್ಬರಿಗೆ ಮಂಡಿ ನೋವು. ಜೊತೆಗೆ ಬರುವ ಪ್ರತಿಯೊಬ್ಬರಿಗೂ ಯಾವುದು ಆಗಲ್ಲ ಅಂತ ಒಂದೊಂದು ಸಾಲು ಬರೆದುಕೊಳ್ಳಿ. ಮುಂದಿನ ಹೆಜ್ಜೆಗಳಲ್ಲಿ ಇದೇ ಜರಡಿ.

ಬಂದರುಗಳ ಲೆಕ್ಕವನ್ನೂ ಇಲ್ಲೇ ಹಾಕಿ. ಏಳು ರಾತ್ರಿಯ ಪ್ರವಾಸದಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಬಂದರು, ಒಂದು ಹಿಮನದಿ ದಿನ, ಒಂದೆರಡು ದಿನ ಪೂರ್ತಿ ಸಮುದ್ರ. ಬಂದರು ಜಾಸ್ತಿ ಇದ್ದರೆ ಕೊಟ್ಟ ದುಡ್ಡಿಗೆ ಲಾಭ ಅಂತ ಅನ್ನಿಸುತ್ತೆ. ಆದರೆ ಪ್ರತಿ ಬಂದರಿಗೂ ಒಂದು ಅಲಾರಂ, ಒಂದು ಸಾಲು, ಒಂದು ಬಸ್ಸು ಇರುತ್ತೆ. ನಿಧಾನವಾಗಿ ಸುತ್ತಬೇಕು ಅನ್ನುವವರಿಗೆ ಮೂರು ಬಂದರು ಸಾಕು.

ಹೆಜ್ಜೆ 2: ದಾರಿ ಆರಿಸಿ

ಮುಖ್ಯವಾಗಿ ಮೂರು ದಾರಿಗಳಿವೆ. ಮೇಲ್ನೋಟಕ್ಕೆ ಮೂರೂ ಒಂದೇ ಥರ ಕಾಣುತ್ತವೆ. ಸಮುದ್ರದ ಅನುಭವ ಮಾತ್ರ ಬೇರೆ ಬೇರೆ.

ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವುದು ಒಂದು. ವಿಮಾನದ ಟಿಕೆಟ್ ಸುಲಭ, ದರವೂ ಹಲವು ಸಲ ಕಡಿಮೆ. ಆದರೆ ಇಲ್ಲಿಂದ ಹೊರಡುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ಅಂದರೆ ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುತ್ತವೆ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ಅಲೆಯ ಓಲಾಟ ಇದ್ದೇ ಇರುತ್ತೆ. ಜಾಹೀರಾತಿನಲ್ಲಿ ‘ಇನ್‌ಸೈಡ್ ಪ್ಯಾಸೇಜ್’ ಅಂತ ದೊಡ್ಡದಾಗಿ ಬರೆದಿದ್ದರೂ ಮೊದಲ ದಿನ ಕಿಟಕಿಯಲ್ಲಿ ಬರೀ ನೀರು. ಕೊನೆಯಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆಯ ನಿಲುಗಡೆ ಇರುವುದನ್ನು ಗಮನಿಸಿರುತ್ತೀರಿ. ಅದಕ್ಕೆ ಕಾರಣ 1886ರ ಒಂದು ಅಮೆರಿಕನ್ ಕಾಯ್ದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಬರುವುದಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಹೀಗೆ ಕಾಯ್ದೆಗಾಗಿ ನಿಲ್ಲುವ ನಿಲುಗಡೆ ಎಷ್ಟೋ ಸಲ ಕೆಲವೇ ಗಂಟೆಯದು, ಅದೂ ಕತ್ತಲಾಗುವ ಹೊತ್ತಿಗೆ. ಅದನ್ನು ಒಂದು ಪೂರ್ಣ ಬಂದರು ಅಂತ ಎಣಿಸಬೇಡಿ.

ವ್ಯಾಂಕೂವರ್‌ನಿಂದ ಹೊರಟು ವ್ಯಾಂಕೂವರ್‌ಗೇ ಬರುವುದು ಎರಡನೆಯದು. ಹಡಗು ವ್ಯಾಂಕೂವರ್ ದ್ವೀಪಕ್ಕೂ ಮುಖ್ಯ ಭೂಮಿಗೂ ನಡುವಿನ ಇಕ್ಕಟ್ಟಾದ ನೀರಿನಲ್ಲಿ ಹೋಗುತ್ತೆ. ಎರಡೂ ಕಡೆ ಕಾಡು, ಬೆಟ್ಟ. ಸೀಮೂರ್ ನ್ಯಾರೋಸ್ ಎಂಬ ಕಡೆ ನೀರಿನ ಸೆಳೆತ ಎಷ್ಟು ಜೋರು ಅಂದರೆ ಉಬ್ಬರ ಇಳಿತ ಶಾಂತವಾಗುವ ಹೊತ್ತು ನೋಡಿಕೊಂಡು ಹಡಗುಗಳು ದಾಟುತ್ತವೆ. ಅಲ್ಲಿ ನೀರಿನಡಿ ರಿಪಲ್ ರಾಕ್ ಅಂತ ಒಂದು ಬಂಡೆ ಇತ್ತು, ಹಡಗುಗಳ ಪಾಲಿಗೆ ಯಮ. 1958ರಲ್ಲಿ ಸುರಂಗ ಕೊರೆದು, ಮದ್ದು ತುಂಬಿ ಅದರ ತಲೆಯನ್ನೇ ಹಾರಿಸಿಬಿಟ್ಟರು. ಅದರ ಉತ್ತರಕ್ಕಿರುವ ಜಾನ್‌ಸ್ಟನ್ ಜಲಸಂಧಿ ಬೇಸಿಗೆಯಲ್ಲಿ ಓರ್ಕಾಗಳ (ಕಪ್ಪು ಬಿಳುಪಿನ ಬೇಟೆಗಾರ ತಿಮಿಂಗಿಲಗಳ) ಓಡಾಟಕ್ಕೆ ಹೆಸರಾದದ್ದು. ಈ ದಾರಿಯಲ್ಲಿ ತೆರೆದ ಸಾಗರಕ್ಕೆ ಮೈಯೊಡ್ಡುವುದು ಕೆಲವು ಗಂಟೆ ಮಾತ್ರ.

ಮೂರನೆಯದು ಒಂದೇ ದಿಕ್ಕಿನ ಪ್ರಯಾಣ. ವ್ಯಾಂಕೂವರ್‌ನಿಂದ ಅಲಾಸ್ಕಾದ ಸೀವರ್ಡ್ ಅಥವಾ ವಿಟ್ಟಿಯರ್ ಬಂದರಿಗೆ, ಇಲ್ಲವೇ ತಿರುಗುಮುರುಗು. ಹಲವು ಸಲ ಎರಡು ಹಿಮನದಿ ದಿನ ಸಿಗುವುದು ಇದರಲ್ಲೇ. ಡೆನಾಲಿ ರಾಷ್ಟ್ರೀಯ ಉದ್ಯಾನಕ್ಕೆ ರೈಲಿನಲ್ಲಿ ಹೋಗುವ ಯೋಚನೆ ಇದ್ದರೆ ಇದೇ ಸರಿ. ಆದರೆ ಅಲಾಸ್ಕಾ ಖಾರಿಯನ್ನು ಅಡ್ಡ ದಾಟಬೇಕು. ಅಲ್ಲಿ ತಡೆಗೆ ದ್ವೀಪಗಳಿಲ್ಲ. ಹೋಗೋಕೆ ಒಂದು ವಿಮಾನ ನಿಲ್ದಾಣ, ಬರೋಕೆ ಇನ್ನೊಂದು ಆಗುವುದರಿಂದ ಟಿಕೆಟ್ ಖರ್ಚೂ ಏರುತ್ತೆ.

ನನ್ನ ವೋಟು ವ್ಯಾಂಕೂವರ್ ಸುತ್ತಿಗೆ. ಹೊಟ್ಟೆ ಗಟ್ಟಿ ಇದ್ದು, ಹಿಮನದಿಯ ಹುಚ್ಚು ಜಾಸ್ತಿ ಇದ್ದರೆ ಮೂರನೆಯದು.

ಒಂದು ಎಚ್ಚರಿಕೆ. ಈ ಮೂರೂ ದಾರಿಗಳು ಎರಡು ದೇಶಗಳನ್ನು ಮುಟ್ಟುತ್ತವೆ. ಅಮೆರಿಕಕ್ಕೂ ಕೆನಡಾಕ್ಕೂ ಬೇರೆ ಬೇರೆ ದಾಖಲೆ ಬೇಕಾಗಬಹುದು. ವ್ಯಾಂಕೂವರ್ ಸುತ್ತಿನಲ್ಲಿ ಕೆನಡಾಕ್ಕೆ ಎರಡನೇ ಸಲ ಒಳಹೋಗುತ್ತೀರಿ ಅನ್ನುವುದು ನೆನಪಿರಲಿ. ನಿಮ್ಮ ಪಾಸ್‌ಪೋರ್ಟಿಗೆ ಯಾವ ನಿಯಮ ಅಂತ ಎರಡೂ ದೇಶಗಳ ಸರ್ಕಾರಿ ತಾಣದಲ್ಲಿ ನೋಡಿ, ಆಮೇಲೆ ಮುಂಗಡ ಕಟ್ಟಿ. ದಾಖಲೆ ಸರಿ ಇಲ್ಲದಿದ್ದರೆ ಹಡಗಿಗೆ ಹತ್ತಿಸುವುದೇ ಇಲ್ಲ, ದುಡ್ಡೂ ಬರಲ್ಲ.

ಹೆಜ್ಜೆ 3: ಯಾವ ಹಿಮನದಿ?

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ ಎಲ್ಲಕ್ಕಿಂತ ಮೇಲೆ. 1794ರಲ್ಲಿ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಅವರ ತಂಡ ಈ ಕರಾವಳಿಯ ನಕ್ಷೆ ಮಾಡುತ್ತಿದ್ದಾಗ ಇಲ್ಲಿ ಕೊಲ್ಲಿಯೇ ಇರಲಿಲ್ಲ ಅನ್ನಬಹುದು. ಬಾಯಿಯ ತನಕ ಮಂಜುಗಡ್ಡೆಯೇ ತುಂಬಿತ್ತು. 1879ರಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಹಿಮ ಹತ್ತಾರು ಕಿಲೋಮೀಟರ್ ಒಳಗೆ ಸರಿದಿತ್ತು. ಇವತ್ತು ಹಡಗು ಸುಮಾರು 100 ಕಿ.ಮೀ. ಒಳಗೆ ಹೋಗುತ್ತೆ. ಹೋದಂತೆ ಹೋದಂತೆ ದಡದ ಮರ ಕಡಿಮೆಯಾಗುತ್ತಾ ಬರುತ್ತೆ. ಬಾಯಿಯ ಹತ್ತಿರ ದಟ್ಟ ಕಾಡು, ನಡುವೆ ಪೊದೆ, ತುದಿಯಲ್ಲಿ ಬೋಳು ಬಂಡೆ. ಹಿಮ ಮೊದಲು ಬಿಟ್ಟುಕೊಟ್ಟ ಜಾಗದಲ್ಲಿ ಕಾಡು ಬೆಳೆಯಲು ಹೆಚ್ಚು ಸಮಯ ಸಿಕ್ಕಿದೆ, ಅಷ್ಟೇ. ತುದಿಯಲ್ಲಿ ಮಾರ್ಜರಿ ಹಿಮನದಿ. ಸುಮಾರು 34 ಕಿ.ಮೀ. ಉದ್ದ, ಮುಖದ ಅಗಲ 1.6 ಕಿ.ಮೀ., ನೀರಿನ ಮೇಲೆ ಕಾಣುವ ಎತ್ತರ ಸುಮಾರು 75 ಮೀಟರ್.

ಈ ಕೊಲ್ಲಿಯೊಳಗೆ ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗುಗಳಿಗೆ ಮಾತ್ರ ಅನುಮತಿ. ಪಾರ್ಕ್ ರೇಂಜರ್‌ಗಳು ಹಡಗಿಗೇ ಹತ್ತಿ ಬಂದು ಮೈಕಿನಲ್ಲಿ ವಿವರಿಸುತ್ತಾರೆ. ಒಳಗೆ ಒಂಬತ್ತು ಹತ್ತು ಗಂಟೆ ಕಳೆಯುವ ಹಡಗುಗಳಿವೆ. ಆ ದಿನ ಎಲ್ಲೂ ಇಳಿಯುವ ಗಡಿಬಿಡಿ ಇಲ್ಲ. ಆರಾಮ ಮತ್ತು ಹಿಮನದಿ ಎರಡೂ ಒಟ್ಟಿಗೆ ಸಿಗುವ ದಿನ ಅದೇ. ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ನಾರ್ವೇಜಿಯನ್ ಕಂಪನಿಗಳ ಹಲವು ಹಡಗುಗಳು ಇಲ್ಲಿಗೆ ಹೋಗುತ್ತವೆ. ಹಲವು ಅಂದೆ, ಎಲ್ಲವೂ ಅಲ್ಲ. ಒಂದೇ ಹಡಗು ಒಂದು ವಾರ ಹೋಗಿ ಇನ್ನೊಂದು ವಾರ ಬೇರೆ ಹಿಮನದಿಗೆ ಹೋಗುವುದೂ ಉಂಟು. ನಿಮ್ಮ ತಾರೀಖಿನ ವೇಳಾಪಟ್ಟಿಯಲ್ಲಿ ಈ ಹೆಸರು ಇದೆಯಾ ಅಂತಲೇ ನೋಡಬೇಕು.

ಹಬ್ಬರ್ಡ್ ಹಿಮನದಿ ಬೇರೆಯದೇ ಗಾತ್ರದ ದೈತ್ಯ. 122 ಕಿ.ಮೀ. ಉದ್ದ, ಸಮುದ್ರ ಮುಟ್ಟುವ ಮುಖ ಹತ್ತು ಕಿಲೋಮೀಟರಿನಷ್ಟು ಅಗಲ. ಬೇರೆ ಹೆಚ್ಚಿನ ಹಿಮನದಿಗಳು ಹಿಂದೆ ಸರಿಯುತ್ತಿದ್ದರೆ ಇದು ನೂರಕ್ಕೂ ಹೆಚ್ಚು ವರ್ಷದಿಂದ ಮುಂದೆ ಬರುತ್ತಿದೆ. 1986ರಲ್ಲಿ ಮತ್ತು 2002ರಲ್ಲಿ ಪಕ್ಕದ ರಸೆಲ್ ಫಿಯೋರ್ಡ್‌ನ (ಫಿಯೋರ್ಡ್ ಅಂದರೆ ಕಡಿದಾದ ಬೆಟ್ಟಗಳ ನಡುವೆ ಚಾಚಿದ ಕಡಲ ಕವಲು) ಬಾಯಿಯನ್ನೇ ಮುಚ್ಚಿ ಅದನ್ನು ಸ್ವಲ್ಪ ಕಾಲ ಕೆರೆ ಮಾಡಿಬಿಟ್ಟಿತ್ತು. ಇಲ್ಲಿನ ತೊಂದರೆ ಒಂದೇ. ನೀರಿನ ಮೇಲೆ ಮಂಜುಗಡ್ಡೆ ಜಾಸ್ತಿ ತೇಲುತ್ತಿದ್ದರೆ ಹಡಗು ದೂರದಲ್ಲೇ ನಿಲ್ಲಬೇಕು. ಋತುವಿನ ಆರಂಭದಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು.

ಎಂಡಿಕಾಟ್ ಆರ್ಮ್ ಒಂದು ಇಕ್ಕಟ್ಟಾದ ಫಿಯೋರ್ಡ್. ಉದ್ದ 48 ಕಿ.ಮೀ.ಗೂ ಹೆಚ್ಚು, ತುದಿಯಲ್ಲಿ ಡಾಸ್ ಹಿಮನದಿ. ಎರಡೂ ಕಡೆ ಬಂಡೆಗೋಡೆ, ಜಲಪಾತ. ನೋಡೋಕೆ ಬಹಳ ಚೆಂದ, ಆದರೆ ಸಮಯ ಕಡಿಮೆ. ಹಲವು ಹಡಗುಗಳು ಬೆಳಗ್ಗೆ ಇಲ್ಲಿ ಹೊಕ್ಕು ಮಧ್ಯಾಹ್ನ ಅಲಾಸ್ಕಾದ ರಾಜಧಾನಿ ಜೂನೋ ಸೇರುತ್ತವೆ. ದೊಡ್ಡ ಹಡಗು ಮುಖದ ತನಕ ಹೋಗದೆ ತಿರುಗುವುದೂ ಇದೆ. ಕೆಲವು ಕಂಪನಿಗಳು ಇಲ್ಲಿ ಸಣ್ಣ ದೋಣಿಗೆ ವರ್ಗಾಯಿಸಿ ಹತ್ತಿರ ಕರೆದೊಯ್ಯುವ ಟೂರ್ ಮಾರುತ್ತವೆ. ಎಂಡಿಕಾಟ್ ನಿಮ್ಮ ಪಟ್ಟಿಯಲ್ಲಿದ್ದರೆ ಆ ಟೂರಿಗೆ ದುಡ್ಡು ಎತ್ತಿಡಿ.

ಹಳೆಯ ಲೇಖನಗಳಲ್ಲಿ ಟ್ರೇಸಿ ಆರ್ಮ್ ಹೆಸರು ಬಹಳ ಕಾಣುತ್ತೆ. 2025ರ ಆಗಸ್ಟ್ 10ರಂದು ಅಲ್ಲಿನ ಸೌತ್ ಸಾಯರ್ ಹಿಮನದಿಯ ಹತ್ತಿರ ಭಾರಿ ಭೂಕುಸಿತವಾಗಿ ಫಿಯೋರ್ಡ್‌ನೊಳಗೆ ಸುನಾಮಿ ಎದ್ದಿತು. ಆಮೇಲೆ ಹಲವು ಕಂಪನಿಗಳು ಟ್ರೇಸಿ ಬಿಟ್ಟು ಎಂಡಿಕಾಟ್‌ಗೆ ಬದಲಾಯಿಸಿದವು. ಹಳೆಯ ಫೋಟೊ ನೋಡಿ ಬುಕ್ ಮಾಡಬೇಡಿ.

ಒಂದೇ ದಿಕ್ಕಿನ ಪ್ರಯಾಣದಲ್ಲಿ ಬರುವ ಕಾಲೇಜ್ ಫಿಯೋರ್ಡ್‌ನಲ್ಲಿ ಹಲವು ಹಿಮನದಿಗಳು ಒಟ್ಟಿಗೆ ಕಾಣುತ್ತವೆ. 1899ರ ಹ್ಯಾರಿಮನ್ ಸಂಶೋಧನಾ ತಂಡ ಅವಕ್ಕೆ ಹಾರ್ವರ್ಡ್, ಯೇಲ್ ಅಂತ ಕಾಲೇಜುಗಳ ಹೆಸರಿಟ್ಟಿತು.

ಇನ್ನು ಮೆಂಡೆನ್‌ಹಾಲ್. ಇದು ಜೂನೋ ಪಟ್ಟಣದಿಂದ ಬಸ್ಸಿನಲ್ಲಿ ಹೋಗಿ ನೋಡುವ ಹಿಮನದಿ. ಎದುರಿಗೆ ಒಂದು ಕೆರೆ ಇದೆ. ಸಮುದ್ರಕ್ಕೆ ಗಡ್ಡೆ ಕಳಚಿ ಬೀಳುವ ದೃಶ್ಯ ಇಲ್ಲಿಲ್ಲ. ‘ಹಿಮನದಿ ವೀಕ್ಷಣೆ ಸೇರಿದೆ’ ಅಂತ ಬರೆದು ಇದನ್ನಷ್ಟೇ ತೋರಿಸುವ ಪ್ಯಾಕೇಜ್ ಬಂದರೆ ಅದು ಬೇರೆ ಮಾಲು ಅಂತ ತಿಳಿಯಿರಿ.

ಹೆಜ್ಜೆ 4: ತಿಂಗಳು

ಋತು ಸುಮಾರಾಗಿ ಏಪ್ರಿಲ್ ಕೊನೆಯಿಂದ ಅಕ್ಟೋಬರ್ ಆರಂಭದವರೆಗೆ. ಮೇ ತಿಂಗಳಲ್ಲಿ ಮಳೆ ಕಡಿಮೆ, ದರವೂ ಕಡಿಮೆ, ಬೆಟ್ಟಗಳ ಮೇಲೆ ಇನ್ನೂ ಹಿಮ ಇರುತ್ತೆ. ಚಳಿ ಇದೆ. ಜೂನ್‌ನಲ್ಲಿ ಜೂನೋದಲ್ಲಿ ಹಗಲು 18 ಗಂಟೆ ದಾಟುತ್ತೆ. ರಾತ್ರಿ ಊಟ ಮುಗಿಸಿ ಡೆಕ್ಕಿಗೆ ಬಂದರೂ ಬೆಳಕಿರುತ್ತೆ, ತಿಮಿಂಗಿಲ ಹುಡುಕಬಹುದು. ಸೀಲ್‌ಗಳು ತೇಲುವ ಗಡ್ಡೆಗಳ ಮೇಲೆ ಮರಿ ಹಾಕುವ ಕಾಲವೂ ಇದೇ. ಆ ಮರಿಗಳಿಗೆ ತೊಂದರೆ ಆಗಬಾರದು ಅಂತಲೇ ಗ್ಲೇಸಿಯರ್ ಬೇಯ ಜಾನ್ಸ್ ಹಾಪ್ಕಿನ್ಸ್ ಎಂಬ ಕವಲಿಗೆ ಕ್ರೂಸ್ ಹಡಗುಗಳಿಗೆ ಆಗಸ್ಟ್ ಕೊನೆಯವರೆಗೆ ಪ್ರವೇಶ ಇಲ್ಲ.

ಜುಲೈ, ಆಗಸ್ಟ್ ಬೆಚ್ಚಗೆ. ಬೆಚ್ಚಗೆ ಅಂದರೆ ಹಗಲಲ್ಲಿ 15-18 ಡಿಗ್ರಿ. ಸಾಲ್ಮನ್ ಮೀನುಗಳು ಹೊಳೆ ಏರುತ್ತವೆ, ಅವುಗಳ ಹಿಂದೆ ಕರಡಿಗಳು ಬರುತ್ತವೆ. ಶಾಲಾ ರಜೆ ಆದ್ದರಿಂದ ಮಕ್ಕಳ ಗದ್ದಲ ಮತ್ತು ದರ ಎರಡೂ ಮೇಲೆ. ಸೆಪ್ಟೆಂಬರ್‌ನಲ್ಲಿ ಮಳೆ, ಗಾಳಿ ಹೆಚ್ಚು, ದರ ಇಳಿಯುತ್ತೆ. ಅದೃಷ್ಟ ಇದ್ದರೆ ರಾತ್ರಿ ಧ್ರುವಪ್ರಭೆ ಕಾಣಬಹುದು.

ಕರಡಿಯೇ ಬೇಕು ಅನ್ನದಿದ್ದರೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಆರಿಸಿ. ಮಳೆಯ ಬಗ್ಗೆ ಒಂದು ಮಾತು. ಕೆಚಿಕನ್ ಬಂದರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಯಾವ ತಿಂಗಳಾದರೂ ಒದ್ದೆಯಾಗುವುದು ಖಾತ್ರಿ. ಮೋಡ ಕವಿದ ದಿನ ಹಿಮನದಿಯ ನೀಲಿ ಬಣ್ಣ ಇನ್ನೂ ಗಾಢವಾಗಿ ಕಾಣುತ್ತೆ, ಹಾಗಾಗಿ ಬೇಜಾರು ಬೇಡ.

ಹೆಜ್ಜೆ 5: ಹಡಗಿನ ಗಾತ್ರ

ಸಣ್ಣ ಹಡಗು ಅಂದರೆ ನೆಮ್ಮದಿ, ದೊಡ್ಡ ಹಡಗು ಅಂದರೆ ಗದ್ದಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪಲ್ಲ. ನೂರು ಜನರೊಳಗಿನ ಸಣ್ಣ ಹಡಗುಗಳು ಸಣ್ಣ ಕವಲುಗಳಿಗೂ ನುಗ್ಗುತ್ತವೆ, ತಿಮಿಂಗಿಲ ಕಂಡರೆ ನಿಲ್ಲುತ್ತವೆ, ಪ್ರಕೃತಿ ತಜ್ಞರು ಜೊತೆಗಿರುತ್ತಾರೆ. ಪ್ರಾಣಿ ನೋಡೋಕೆ ಇದಕ್ಕೆ ಸಾಟಿ ಇಲ್ಲ. ಆದರೆ ದಿನವೂ ಕಯಾಕ್, ಕಾಡಿನ ನಡಿಗೆ, ರಬ್ಬರ್ ದೋಣಿ. ಹಲವು ಸಣ್ಣ ಹಡಗುಗಳಲ್ಲಿ ಲಿಫ್ಟ್ ಇರಲ್ಲ, ಮೆಟ್ಟಿಲು ಕಡಿದು. ದರ ದೊಡ್ಡ ಹಡಗಿಗಿಂತ ಕೆಲವು ಪಟ್ಟು. ಮಂಡಿ ನೋವಿನವರಿಗೆ ಇದು ಆರಾಮ ಅಲ್ಲ.

ನಾಲ್ಕು ಸಾವಿರ ಜನರ ಹಡಗಿನಲ್ಲಿ ಮಕ್ಕಳಿಗೆ ಮಜಾ, ಲಿಫ್ಟ್ ಇದೆ, ವೈದ್ಯರಿದ್ದಾರೆ. ಹಿಮನದಿ ಎದುರು ಬಂದಾಗ ರೇಲಿಂಗ್ ಹತ್ತಿರ ಮೂರು ಸಾಲು ಜನ.

ನಡುವಿನದು ಒಂದಿದೆ. ಸುಮಾರು 1,400ರಿಂದ 2,700 ಜನರ ಹಡಗು. ಹಾಲೆಂಡ್ ಅಮೆರಿಕದ ಅಲಾಸ್ಕಾ ಹಡಗುಗಳು ಹೆಚ್ಚಾಗಿ ಈ ಗಾತ್ರದವು. ಇಲ್ಲಿ ಒಂದು ಸಂಗತಿ ಕೇಳಿ ತಿಳಿದುಕೊಳ್ಳಿ: ಕೆಳಗಿನ ಮಟ್ಟದಲ್ಲಿ ಹಡಗನ್ನು ಪೂರ್ತಿ ಸುತ್ತುವ ತೆರೆದ ಪ್ರಾಮೆನಾಡ್ ಡೆಕ್ ಇದೆಯಾ? ಇದ್ದರೆ ತಿಮಿಂಗಿಲ ಎಡಕ್ಕೆ ಕಂಡರೂ ಬಲಕ್ಕೆ ಕಂಡರೂ ಕೆಲವು ಹೆಜ್ಜೆಯಲ್ಲಿ ತಲುಪುತ್ತೀರಿ. ನೀರಿಗೆ ಹತ್ತಿರ ಇರುವುದರಿಂದ ಪ್ರಾಣಿ ಚುಕ್ಕಿಯಾಗಿ ಕಾಣಲ್ಲ. ಹಿಮನದಿ ದಿನ ಮುಂಭಾಗದ ಡೆಕ್ಕನ್ನು ಪ್ರಯಾಣಿಕರಿಗೆ ಬಿಟ್ಟುಕೊಡುತ್ತಾರಾ ಅಂತಲೂ ಕೇಳಿ. ಈಜುಕೊಳಕ್ಕಿಂತ ಈ ಎರಡು ಮುಖ್ಯ.

ಹೆಜ್ಜೆ 6: ಕ್ಯಾಬಿನ್

ಓಲಾಟ ಆಗದವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ತೆಗೆದುಕೊಳ್ಳಿ. ಮೇಲೆ ಹೋದಷ್ಟೂ, ತುದಿಗೆ ಹೋದಷ್ಟೂ ಅಲುಗಾಟ ಜಾಸ್ತಿ. ಡೆಕ್ ನಕ್ಷೆ ತೆರೆದು ನಿಮ್ಮ ಕೋಣೆಯ ಮೇಲೆ, ಕೆಳಗೆ ಏನಿದೆ ಅಂತ ನೋಡಿ. ಮೇಲೆಯೂ ಕೆಳಗೆಯೂ ಕೋಣೆಗಳೇ ಇದ್ದರೆ ನಿದ್ದೆಗೆ ಒಳ್ಳೆಯದು. ನೋಟಕ್ಕೆ ಅಡ್ಡ ಇದೆ ಅಂತ ಹೇಳಿ ಕಡಿಮೆ ದರಕ್ಕೆ ಕೊಡುವ ಕೋಣೆಯ ಎದುರು ಲೈಫ್‌ಬೋಟ್ ತೂಗಾಡುತ್ತಿರುತ್ತೆ.

ಬಾಲ್ಕನಿ ಬೇಕಾ? ಅಲಾಸ್ಕಾದಲ್ಲಿ ಅದಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಬೆಳಗ್ಗೆ ಕಂಬಳಿ ಹೊದ್ದು ಕಾಫಿ ಹಿಡಿದು ಕೂರುವ ಸುಖವೇ ಬೇರೆ. ಆದರೆ ಬಾಲ್ಕನಿಯಿಂದ ಒಂದೇ ಕಡೆ ಕಾಣುತ್ತೆ. ದುಡ್ಡು ಬಿಗಿ ಇದ್ದರೆ ಬಾಲ್ಕನಿ ಬಿಟ್ಟು, ಗ್ಲೇಸಿಯರ್ ಬೇಗೆ ಹೋಗುವ ಹಡಗಿನಲ್ಲಿ ಕಿಟಕಿ ಇಲ್ಲದ ಕೋಣೆ ಹಿಡಿಯಿರಿ. ಎಡ ಬದಿಯೋ ಬಲ ಬದಿಯೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಿಮನದಿಯ ಮುಂದೆ ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಬದಿಗೆ ತೋರಿಸುತ್ತಾರೆ.

ಹೆಜ್ಜೆ 7: ವೇಳಾಪಟ್ಟಿಯನ್ನು ಗಂಟೆ ಗಂಟೆಗೆ ಓದಿ

ಈಗ ಎರಡು ಮೂರು ಕ್ರೂಸ್ ಉಳಿದಿರುತ್ತವೆ. ಪ್ರತಿಯೊಂದರದ್ದೂ ವೇಳಾಪಟ್ಟಿ ತೆರೆಯಿರಿ. ಹಿಮನದಿಯ ಸಾಲಿನಲ್ಲಿ ಒಳಹೋಗುವ ಮತ್ತು ಹೊರಬರುವ ಸಮಯ ನೋಡಿ. ‘ಬೆಳಗ್ಗೆ 6ರಿಂದ ಮಧ್ಯಾಹ್ನ 3’ ಅಂತಿದ್ದರೆ ಒಂಬತ್ತು ಗಂಟೆ. ‘ಬೆಳಗ್ಗೆ 7ರಿಂದ 10’ ಅಂತಿದ್ದರೆ ಮೂರೇ ಗಂಟೆ, ಅದರಲ್ಲಿ ಹೋಗಿ ಬರುವ ದಾರಿಯೇ ಹೆಚ್ಚು. ಸಮಯವೇ ಕೊಡದಿದ್ದರೆ ಬುಕಿಂಗ್ ಮಾಡುವವರನ್ನು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಆಮೇಲೆ ಬಂದರಿನ ಗಂಟೆಗಳು. ಹಡಗು ಹೊರಡುವುದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚೆ ಎಲ್ಲರೂ ಒಳಗಿರಬೇಕು, ಅದನ್ನು ಕಳೆಯಿರಿ. ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವ ಬಂದರು ಇದ್ದರೆ ನಡೆಯಲು ಕಷ್ಟ ಇರುವವರಿಗೆ ಮುಂಚೆಯೇ ಗೊತ್ತಿರಲಿ.

ಬಂದರುಗಳ ಹಡಗು ಕ್ಯಾಲೆಂಡರ್ ಎಲ್ಲರಿಗೂ ಸಿಗುತ್ತೆ. ನೀವು ಇಳಿಯುವ ದಿನ ಅಲ್ಲಿ ಇನ್ನೆಷ್ಟು ಹಡಗು ಇವೆ ಅಂತ ನೋಡಿ. ಜೂನೋದಲ್ಲಿ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಇದೆ. 2026ರಿಂದ ಪ್ರಯಾಣಿಕರ ಲೆಕ್ಕಕ್ಕೂ ಮಿತಿ ಬಂದಿದೆ: ದಿನಕ್ಕೆ 16,000, ಶನಿವಾರ 12,000. ಮಿತಿ ಅಂದರೂ ಅಷ್ಟು ಜನ ಒಂದು ಸಣ್ಣ ಪಟ್ಟಣಕ್ಕೆ ಇಳಿಯುತ್ತಾರೆ! ಒಂದೆರಡೇ ಹಡಗು ಇರುವ ದಿನ ಸಿಕ್ಕರೆ ಅದೇ ತಾರೀಖು ಹಿಡಿಯಿರಿ.

ಹೆಜ್ಜೆ 8: ಪ್ರಾಣಿಗಳಿಗಾಗಿ ಒಂದು ಸಣ್ಣ ದೋಣಿ

ದೊಡ್ಡ ಹಡಗು ತಿಮಿಂಗಿಲಕ್ಕಾಗಿ ನಿಲ್ಲಲ್ಲ. ಕಂಡರೆ ಕಂಡಿತು, ಅದು ಹಿಂದೆ ಉಳಿಯುತ್ತೆ. ಹಾಗಾಗಿ ಇಡೀ ಪ್ರವಾಸದಲ್ಲಿ ಒಂದೇ ಒಂದು ಹೊರಟೂರ್ (ಬಂದರಿನಲ್ಲಿ ಇಳಿದು ಹೋಗುವ ಟೂರ್) ತೆಗೆದುಕೊಳ್ಳುವುದಾದರೆ ಜೂನೋ ಹತ್ತಿರದ ಆಕ್ ಬೇಯಿಂದ ಅಥವಾ ಹೂನಾದ ಐಸಿ ಸ್ಟ್ರೇಟ್ ಪಾಯಿಂಟ್‌ನಿಂದ ತಿಮಿಂಗಿಲ ನೋಡುವ ದೋಣಿ ಹತ್ತಿ. ಚಳಿಗಾಲವನ್ನು ಹವಾಯಿಯ ಬಿಸಿ ನೀರಿನಲ್ಲಿ ಕಳೆಯುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ತಿನ್ನೋಕೆ ಅಂತಲೇ ಇಲ್ಲಿಗೆ ಬರುತ್ತವೆ. ದೋಣಿ ಆರಿಸುವಾಗ ಮೂರು ಕೇಳಿ: ಎಷ್ಟು ಜನ, ಒಳಗೆ ಹೀಟರ್ ಇದೆಯಾ, ಹೊರಗೆ ನಿಲ್ಲೋಕೆ ಜಾಗ ಇದೆಯಾ. ಅಲಾಸ್ಕಾದ ನಿಯಮದಂತೆ ಹಂಪ್‌ಬ್ಯಾಕ್‌ಗೆ 100 ಗಜದೊಳಗೆ ದೋಣಿ ಹೋಗುವ ಹಾಗಿಲ್ಲ. ಇನ್ನೂ ಹತ್ತಿರ ಒಯ್ಯುತ್ತೇವೆ ಅನ್ನುವವರನ್ನು ಬಿಡಿ.

ನೀರನ್ನು ನೋಡುವಾಗ ತಿಮಿಂಗಿಲವನ್ನು ಹುಡುಕಬೇಡಿ. ಬಿಳಿ ಆವಿಯ ಚಿಮ್ಮನ್ನು ಹುಡುಕಿ. ಕಡಲಕ್ಕಿಗಳು ಒಂದೇ ಕಡೆ ಗುಂಪಾಗಿ ಸುತ್ತುತ್ತಿದ್ದರೆ ಅಲ್ಲೇ ಕಣ್ಣಿಡಿ. ಕೆಲವು ಹಂಪ್‌ಬ್ಯಾಕ್‌ಗಳು ಕೂಡಿ, ಕೆಳಗಿನಿಂದ ಗುಳ್ಳೆಗಳ ಬಲೆ ಬಿಟ್ಟು ಮೀನುಗಳನ್ನು ಒಟ್ಟುಗೂಡಿಸಿ, ಬಾಯಿ ತೆರೆದು ಒಟ್ಟಿಗೇ ಮೇಲೆ ಬರುತ್ತವೆ. ಅದಕ್ಕೆ ಒಂದು ಕ್ಷಣ ಮುಂಚೆ ಮೀನುಗಳು ಮೇಲ್ಮೈಗೆ ಹಾರುತ್ತವೆ, ಹಕ್ಕಿಗಳು ಕಿರುಚಿಕೊಂಡು ಎರಗುತ್ತವೆ. ಅದು ಸೂಚನೆ.

ಮಿಕ್ಕವು ಹಡಗಿನಿಂದಲೇ ಕಾಣುತ್ತವೆ. ಬಂದರಿನ ಬಾಯಲ್ಲಿ ತೇಲುವ ಬೋಯೆಗಳ ಮೇಲೆ ಕಡಲಸಿಂಹಗಳು ಮಲಗಿರುತ್ತವೆ. ಕಡಲ ನೀರುನಾಯಿ ಅಂಗಾತ ತೇಲುತ್ತೆ. ಬಿಳಿತಲೆಯ ಹದ್ದು ಕಡು ಹಸಿರು ಮರದ ತುದಿಯಲ್ಲಿ ಬಿಳಿ ಚೆಂಡಿನಂತೆ ಕಾಣುತ್ತೆ. ಬೈನಾಕ್ಯುಲರ್ 8x42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವುದು, ಇರಲಿ. 10 ಪಟ್ಟಿನದು ತೋರಿಸುವುದು ಹೆಚ್ಚು, ಆದರೆ ಅಲುಗುವ ಹಡಗಿನಲ್ಲಿ ಕೈ ನಿಲ್ಲಲ್ಲ. ಒಬ್ಬರಿಗೆ ಒಂದು ಬೇಕು. ಹಂಚಿಕೊಂಡರೆ ಜಗಳ ಗ್ಯಾರಂಟಿ.

ಕರಡಿ ನೋಡುವ ಟೂರುಗಳಲ್ಲಿ ಹಲವು ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ. ದುಬಾರಿ, ಹವಾಮಾನ ಕೆಟ್ಟರೆ ರದ್ದು. ಜುಲೈ, ಆಗಸ್ಟ್‌ನಲ್ಲಿ ಹೋಗುವವರಿಗೆ ಮಾತ್ರ ಯೋಚಿಸೋಕೆ ಯೋಗ್ಯ.

ಹೆಜ್ಜೆ 9: ದುಡ್ಡಿನ ಲೆಕ್ಕ

ಜಾಹೀರಾತಿನ ದರಕ್ಕೆ ತೆರಿಗೆ ಮತ್ತು ಬಂದರು ಶುಲ್ಕ, ಸಿಬ್ಬಂದಿ ಟಿಪ್ಸ್, ವೈಫೈ, ಹೊರಟೂರ್, ವಿಮಾನ, ಹೋಟೆಲ್, ವಿಮೆ ಕೂಡಿಸಿ. ಟಿಪ್ಸ್ ಒಂದೇ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ತಿಮಿಂಗಿಲದ ದೋಣಿಗೆ ಸಾಮಾನ್ಯವಾಗಿ 150 ಡಾಲರ್ ಮೇಲೆ. ವಿಮೆಯಲ್ಲಿ ತುರ್ತಾಗಿ ವಿಮಾನದಲ್ಲಿ ಸಾಗಿಸುವ ವೈದ್ಯಕೀಯ ಖರ್ಚು ಸೇರಿರಲಿ. ಅಲಾಸ್ಕಾದ ಬಂದರುಗಳಿಂದ ದೊಡ್ಡ ಆಸ್ಪತ್ರೆ ದೂರ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ.

ಹಡಗು ಹೊರಡುವ ಊರಿಗೆ ಒಂದು ದಿನ ಮುಂಚೆ ತಲುಪಿ. ಇದಕ್ಕೆ ಚೌಕಾಸಿ ಬೇಡ. ಹಾಗೆಯೇ ಟಿಕೆಟಿನ ಕರಾರಿನಲ್ಲಿ, ಹವಾಮಾನಕ್ಕೆ ತಕ್ಕಂತೆ ದಾರಿ ಬದಲಿಸುವ ಹಕ್ಕು ಕ್ಯಾಪ್ಟನ್‌ಗೆ ಇರುತ್ತೆ. ಹಿಮನದಿ ತಪ್ಪಿದರೆ ದುಡ್ಡು ವಾಪಸ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಹೆಜ್ಜೆ 10: ಹಿಮನದಿ ದಿನ

ಹಿಂದಿನ ರಾತ್ರಿಯೇ ಬಟ್ಟೆ ತೆಗೆದಿಡಿ. ಒಳಗೆ ತೆಳು ಉಣ್ಣೆ, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್, ಟೋಪಿ, ಕೈಗವಸು. ಹಿಮನದಿಯ ಮೇಲಿಂದ ಇಳಿದು ಬರುವ ಗಾಳಿ ಜುಲೈನಲ್ಲೂ ಕೊರೆಯುತ್ತೆ. ಓಲಾಟಕ್ಕೆ ಮಾತ್ರೆ ಬೇಕಿದ್ದರೆ ಹೊರಡುವ ಮುಂಚೆಯೇ ನಿಮ್ಮ ವೈದ್ಯರನ್ನು ಕೇಳಿ ತಂದಿಟ್ಟುಕೊಳ್ಳಿ. ವಾಕರಿಕೆ ಶುರುವಾದ ಮೇಲೆ ತಿಂದರೆ ಹೆಚ್ಚು ಉಪಯೋಗ ಇಲ್ಲ.

ಹಡಗು ನಿಂತ ಮೇಲೆ ಸುಮ್ಮನೆ ಇರುವುದನ್ನು ಕಲಿಯಬೇಕು. ಕಿವಿ ಕೊಟ್ಟರೆ ಹಡಗಿನ ಸುತ್ತಲ ಗಡ್ಡೆಗಳಿಂದ ಚಟಪಟ ಸದ್ದು ಬರುತ್ತಿರುತ್ತೆ. ಹಿಮದೊಳಗೆ ಎಷ್ಟೋ ಕಾಲದಿಂದ ಒತ್ತಿ ಹಿಡಿದಿದ್ದ ಗಾಳಿ ಗುಳ್ಳೆ ಕರಗಿ ಒಡೆಯುವ ಸದ್ದು ಅದು. ನೀಲಿ ಬಣ್ಣದ ಕಾರಣವೂ ಆ ಒತ್ತಡವೇ. ಗಟ್ಟಿಯಾಗಿ ಅಡಕವಾದ ಹಿಮ ಕೆಂಪು ಬೆಳಕನ್ನು ಹೀರಿ ನೀಲಿಯನ್ನು ಬಿಡುತ್ತೆ.

ಗಡ್ಡೆ ಕಳಚಿ ಬೀಳುವುದನ್ನು ನೋಡಬೇಕು ಅಂದರೆ ಸದ್ದಿಗೆ ಕಾಯಬೇಡಿ. ಒಂದು ಕಿಲೋಮೀಟರ್ ದೂರದಿಂದ ಸದ್ದು ಬರೋಕೆ ಸುಮಾರು ಮೂರು ಸೆಕೆಂಡ್ ಬೇಕು. ಗುಡುಗು ಕೇಳಿ ತಲೆ ಎತ್ತುವಷ್ಟರಲ್ಲಿ ಬರೀ ನೀರು ಎದ್ದಿರುತ್ತೆ. ಮುಖದ ಒಂದೇ ಭಾಗವನ್ನು ಆರಿಸಿ ನೋಡುತ್ತಾ ಇರಿ. ಎಲ್ಲಿ ಹೊಸದಾಗಿ ಕಡು ನೀಲಿ ಕಾಣುತ್ತೋ ಅಲ್ಲಿ ಈಗಷ್ಟೇ ಏನೋ ಬಿದ್ದಿದೆ. ಎಲ್ಲಿ ಪುಡಿ ಪುಡಿಯಾಗಿ ಚೂರು ಉದುರುತ್ತಿದೆಯೋ ಅಲ್ಲಿ ದೊಡ್ಡದು ಬರಬಹುದು. ಫೋನ್ ವೀಡಿಯೊ ಹಚ್ಚಿ ರೇಲಿಂಗಿಗೆ ಒರಗಿಸಿ ಹಿಡಿದುಕೊಳ್ಳಿ, ಕಣ್ಣು ಮಾತ್ರ ಹಿಮದ ಮೇಲಿರಲಿ.

ಹಡಗು ತಿರುಗಿದ ಕೂಡಲೇ ಜನ ಊಟಕ್ಕೆ ಓಡುತ್ತಾರೆ. ಗ್ಲೇಸಿಯರ್ ಬೇಯಲ್ಲಿದ್ದರೆ ನೀವು ಹೋಗಬೇಡಿ. ಹೊರಬರುವ ದಾರಿಯಲ್ಲಿ ಸೌತ್ ಮಾರ್ಬಲ್ ದ್ವೀಪ ಸಿಗುತ್ತೆ. ಬಂಡೆಗಳ ಮೇಲೆ ಕಡಲಸಿಂಹಗಳ ಹಿಂಡು, ಸುತ್ತ ನೀರಿನಲ್ಲಿ ಕಿತ್ತಳೆ ಕೊಕ್ಕಿನ ಪಫಿನ್ ಹಕ್ಕಿಗಳು. ಹಡಗು ಅಲ್ಲಿಗೆ ಎಷ್ಟು ಗಂಟೆಗೆ ಬರುತ್ತೆ, ಯಾವ ಬದಿಗೆ ಕಾಣುತ್ತೆ ಅಂತ ಬೆಳಗ್ಗೆಯೇ ರೇಂಜರ್ ಹತ್ತಿರ ಕೇಳಿಟ್ಟುಕೊಂಡು, ಹತ್ತು ನಿಮಿಷ ಮುಂಚೆ ಆ ಬದಿಯ ಪ್ರಾಮೆನಾಡ್ ಡೆಕ್ಕಿಗೆ ಹೋಗಿ ನಿಂತುಕೊಳ್ಳಿ.